ಮೋಟಾರು ಮತ್ತು ಕರೆಂಟ್ ಬಿಲ್ಲು: ಐಸ್ ಪ್ಲಾಂಟ್, ಗಿರಣಿ, ಗೇರು ಫ್ಯಾಕ್ಟರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗೆ ಐಸ್ ಪ್ಲಾಂಟು, ಗೇರು ಬೀಜದ ಫ್ಯಾಕ್ಟರಿ, ಅಕ್ಕಿ ಗಿರಣಿ, ಕೊಬ್ಬರಿ ಎಣ್ಣೆ ಮಿಲ್ಲು. ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಮಷೀನು, ಸಾಮಿಲ್ಲು. ಇವೆಲ್ಲವನ್ನೂ ತಿರುಗಿಸುವುದು ಹೆಚ್ಚುಕಮ್ಮಿ ಒಂದೇ ಜಾತಿಯ ತ್ರೀ ಫೇಸ್ ಇಂಡಕ್ಷನ್ ಮೋಟಾರು. ನಾನು ಮೊದಲು ಸುಟ್ಟ ಮೋಟಾರಿಗೆ ತಂತಿ ಮತ್ತೆ ಸುತ್ತುವ ರಿವೈಂಡಿಂಗ್ ಅಂಗಡಿಯಲ್ಲಿ, ಆಮೇಲೆ ಐಸ್ ಪ್ಲಾಂಟುಗಳ ಮೇಂಟೆನೆನ್ಸ್‌ನಲ್ಲಿ ಕೈ ಕಪ್ಪು ಮಾಡಿಕೊಂಡವನು. ಮಾಲೀಕರು ಕೇಳುವ ಪ್ರಶ್ನೆಗಳು ವರ್ಷ ವರ್ಷವೂ ಅವೇ. ಅದಕ್ಕೆ ಒಂದು ಕಡೆ ಬರೆದಿಟ್ಟಿದ್ದೇನೆ.

ಮೋಟಾರಿನ ದಕ್ಷತೆ ಅಂದರೆ ಏನು?

ಮೀಟರಿನಿಂದ ತೆಗೆದುಕೊಂಡ ಕರೆಂಟಿನಲ್ಲಿ ಎಷ್ಟು ಪಾಲು ಶಾಫ್ಟಿಗೆ ಬಂತು ಅನ್ನುವ ಲೆಕ್ಕ. 100 ಯೂನಿಟ್ ಒಳಗೆ ಹೋಗಿ 90 ಯೂನಿಟ್ಟಿನಷ್ಟು ಕೆಲಸ ಆದರೆ ದಕ್ಷತೆ ಶೇ 90. ಉಳಿದ 10 ಯೂನಿಟ್ ಬಿಸಿಯಾಗಿ ಹೋಯಿತು. ಮೋಟಾರಿನ ಮೈ ಮುಟ್ಟಿದಾಗ ಕೈಗೆ ತಾಗುವ ಬಿಸಿ ನಿಮ್ಮ ದುಡ್ಡೇ.

ಈ ನಷ್ಟ ಐದು ಕಡೆ ಆಗುತ್ತದೆ. ನಿಂತಿರುವ ಭಾಗವಾದ ಸ್ಟೇಟರಿನ ತಾಮ್ರದ ತಂತಿಯಲ್ಲಿ, ಒಳಗೆ ತಿರುಗುವ ರೋಟರಿನ ಸರಳುಗಳಲ್ಲಿ, ತೆಳು ತಗಡು ಪೇರಿಸಿ ಮಾಡಿದ ಕಬ್ಬಿಣದ ಸ್ಟಾಂಪಿಂಗ್‌ನಲ್ಲಿ, ಬೇರಿಂಗು ಮತ್ತು ಫ್ಯಾನಿನಲ್ಲಿ. ಇವುಗಳಲ್ಲಿ ಸಿಗದೆ ಅಲ್ಲಲ್ಲಿ ಸೋರಿಹೋಗುವುದು ಐದನೆಯದು.

ನೇಮ್‌ಪ್ಲೇಟಿನ ಮೇಲಿನ ಐಇ2, ಐಇ3 ಅಂದರೇನು?

ದಕ್ಷತೆಯ ದರ್ಜೆ. ಐಇ1 ಕೆಳಗಿನದು, ಅಂಕಿ ಏರಿದಂತೆ ದರ್ಜೆಯೂ ಮೇಲೆ. ನಮ್ಮ ದೇಶದ ಮಾನದಂಡ ಐಎಸ್ 12615. ಅದರ 2018ರ ಆವೃತ್ತಿ ಐಇ2ರಿಂದಲೇ ಶುರುವಾಗುತ್ತದೆ, ಐಇ1 ಅದರಲ್ಲಿ ಇಲ್ಲ. ಹಳೇ ಮೋಟಾರುಗಳ ಮೇಲೆ ಎಫ್1, ಎಫ್2 ಅಂತ ಇರಬಹುದು. ಅಂದಾಜಿಗೆ ಎಫ್2 ಅಂದರೆ ಇಂದಿನ ಐಇ1, ಎಫ್1 ಅಂದರೆ ಐಇ2. ಏನೂ ಇಲ್ಲದಿದ್ದರೆ, ಅಥವಾ ಪ್ಲೇಟು ಉಪ್ಪುಗಾಳಿಗೆ ತುಕ್ಕು ಹಿಡಿದು ಓದಲಿಕ್ಕೇ ಬಾರದಿದ್ದರೆ, ಐಇ1 ಅಥವಾ ಅದಕ್ಕಿಂತ ಕಮ್ಮಿ ಅಂತ ಹಿಡಿಯಿರಿ.

ನಾಲ್ಕು ಪೋಲಿನ (ಕಾಂತಧ್ರುವದ) 15 ಕಿಲೋವ್ಯಾಟ್, ಅಂದರೆ 20 ಎಚ್‌ಪಿ ಮೋಟಾರಿಗೆ ಐಇ1 ದಕ್ಷತೆ ಶೇ 88.7. ಐಇ2 ಶೇ 90.6, ಐಇ3 ಶೇ 92.1, ಐಇ4 ಶೇ 93.9. ಸಣ್ಣ ಮೋಟಾರಿನಲ್ಲಿ ಅಂತರ ದೊಡ್ಡದು. 1.5 ಕಿಲೋವ್ಯಾಟಿಗೆ ಐಇ1 ಶೇ 77.2 ಇದ್ದರೆ ಐಇ3 ಶೇ 85.3.

ಹಳೇ ಮೋಟಾರು ಚೆನ್ನಾಗೇ ಓಡುತ್ತಿದೆ. ಸುಮ್ನೆ ಯಾಕೆ ಬದಲಿಸಬೇಕು?

ಬದಲಿಸಲೇಬೇಕು ಅಂತ ನಾನು ಹೇಳುವುದಿಲ್ಲ. ಮೊದಲು ಅದು ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ ಅಂತ ಹೇಳಿ. ಉಳಿದದ್ದೆಲ್ಲ ಆಮೇಲೆ.

ಐಸ್ ಪ್ಲಾಂಟಿನ 20 ಎಚ್‌ಪಿ ಮೋಟಾರು ತೆಗೆದುಕೊಳ್ಳೋಣ. ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳಿಗೆ ರಜೆ. ಉಳಿದ ಹತ್ತು ತಿಂಗಳು ದಿನಕ್ಕೆ 20 ಗಂಟೆ ಓಡಿದರೂ ವರ್ಷಕ್ಕೆ 6000 ಗಂಟೆ. ಪೂರ್ತಿ ಲೋಡಿನಲ್ಲಿ ಐಇ1 ಮೋಟಾರು ಮೀಟರಿನಿಂದ 16.91 ಕಿಲೋವ್ಯಾಟ್ ಎಳೆಯುತ್ತದೆ, ಐಇ3 ಎಳೆಯುವುದು 16.29. ಅಂತರ 0.62 ಕಿಲೋವ್ಯಾಟ್. ನೋಡಲಿಕ್ಕೆ ಏನೂ ಅಲ್ಲ, ಒಂದು ಮಿಕ್ಸಿಯಷ್ಟು. 6000 ಗಂಟೆಗೆ ಗುಣಿಸಿದರೆ ಸುಮಾರು 3700 ಯೂನಿಟ್. ಲೆಕ್ಕಕ್ಕೆ ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ವರ್ಷಕ್ಕೆ 26,000 ರೂಪಾಯಿ. ನಿಮ್ಮ ಬಿಲ್ಲಿನ ದರ ಹಾಕಿ ನೋಡಿಕೊಳ್ಳಿ. ಲೋಡು ಮುಕ್ಕಾಲು ಭಾಗ ಇದ್ದರೆ ಉಳಿತಾಯವೂ ಮುಕ್ಕಾಲು ಅಂತ ಅಂದಾಜು ಮಾಡಬಹುದು.

ಇನ್ನೊಂದು ಲೆಕ್ಕ ಇದೆ, ಇದನ್ನು ಹೇಳಿದಾಗ ಮಾಲೀಕರು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ಆ ಹಳೇ ಮೋಟಾರು ಪೂರ್ತಿ ಲೋಡಿನಲ್ಲಿ ವರ್ಷಕ್ಕೆ ಒಂದು ಲಕ್ಷ ಯೂನಿಟ್ ದಾಟುತ್ತದೆ. ಅಂದರೆ 7 ಲಕ್ಷ ರೂಪಾಯಿಯ ಕರೆಂಟು. ಮೋಟಾರು ಕೊಳ್ಳುವಾಗ ಎರಡು ಸಾವಿರಕ್ಕಾಗಿ ಅಂಗಡಿಯಲ್ಲಿ ಒಂದು ತಾಸು ಚೌಕಾಶಿ ಮಾಡುತ್ತೇವೆ. ಅದು ಒಂದೇ ವರ್ಷದಲ್ಲಿ ತನ್ನ ಬೆಲೆಯ ಹಲವು ಪಟ್ಟು ಕರೆಂಟ್ ತಿನ್ನುವುದನ್ನು ಯಾರೂ ಕೇಳುವುದಿಲ್ಲ, ಅಲ್ವಾ?

ಶಿರಸಿ ಕಡೆ ನಮ್ಮದು ಅಡಿಕೆ ಸುಲಿಯುವ ಮಷೀನು. ನಾವೂ ಐಇ3 ಹಾಕಬೇಕಾ?

ಈಗಿರುವುದು ಸುಟ್ಟುಹೋಗುವವರೆಗೆ ಬೇಡ. 2 ಎಚ್‌ಪಿಯ ತ್ರೀ ಫೇಸ್ ಮೋಟಾರು, ಕೊಯ್ಲಿನ ಕಾಲದಲ್ಲಿ ಎರಡು ತಿಂಗಳು, ದಿನಕ್ಕೆ ಎಂಟು ತಾಸು. ಒಟ್ಟು 480 ಗಂಟೆ. ಐಇ1 ತೆಗೆದು ಐಇ3 ಹಾಕಿದರೆ ಉಳಿಯುವುದು 90 ಯೂನಿಟ್ಟಿನ ಹತ್ತಿರ, ಅಂದರೆ ಆರುನೂರು ಚಿಲ್ಲರೆ ರೂಪಾಯಿ. ಆ ದುಡ್ಡಿನಲ್ಲಿ ಬೇರಿಂಗು, ಬೆಲ್ಟು ಹೊಸದು ಹಾಕಿಸಿ. ಮೋಟಾರು ಸುಟ್ಟು ಹೊಸದನ್ನೇ ಕೊಳ್ಳುವ ದಿನ ಬಂದಾಗ ಮಾತ್ರ ಐಇ3 ಕೇಳಿ.

ಐಇ3 ಹಾಕಿದ ಮೇಲೆ ಬಿಲ್ಲು ಕಮ್ಮಿ ಆಗಲಿಲ್ಲ. ಸ್ವಲ್ಪ ಜಾಸ್ತಿಯೇ ಬಂತು. ಮೋಸ ಆಯಿತಾ?

ಮೋಸ ಇರಲಿಕ್ಕಿಲ್ಲ. ಇದು ನನಗೇ ಒಮ್ಮೆ ಆಗಿದೆ, ಮಾಲೀಕರ ಮುಂದೆ ತಲೆ ತಗ್ಗಿಸಿ ನಿಂತಿದ್ದೇನೆ. ಗೇರು ಫ್ಯಾಕ್ಟರಿಯೊಂದರ ಬ್ಲೋವರಿಗೆ ಹಳೇದನ್ನು ತೆಗೆದು ಹೊಸ ಮೋಟಾರು ಕೂರಿಸಿದ್ದೆ. ಆಂಪಿಯರ್ ಇಳಿಯುವ ಬದಲು ಏರಿತು.

ಕಾರಣ ವೇಗ. 50 ಹರ್ಟ್ಜ್‌ನಲ್ಲಿ ನಾಲ್ಕು ಪೋಲಿನ ಮೋಟಾರಿನ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ರೋಟರು ಅದಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತದೆ, ಇದನ್ನು ಸ್ಲಿಪ್ ಅನ್ನುತ್ತಾರೆ. ಹಳೇ ಮೋಟಾರು 1440 ತಿರುಗುತ್ತಿತ್ತು. ದಕ್ಷತೆ ಜಾಸ್ತಿ ಇರುವ ಮೋಟಾರಿನ ರೋಟರಿನಲ್ಲಿ ನಷ್ಟ ಕಮ್ಮಿ, ಹಾಗಾಗಿ ಸ್ಲಿಪ್ ಕಮ್ಮಿ. ಹೊಸದು 1470 ತಿರುಗಿತು. ಬರೀ ಶೇ 2 ಜಾಸ್ತಿ. ಆದರೆ ಫ್ಯಾನು, ಬ್ಲೋವರು, ಸೆಂಟ್ರಿಫ್ಯೂಗಲ್ ಪಂಪುಗಳಲ್ಲಿ ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 1470ನ್ನು 1440ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಮತ್ತೊಮ್ಮೆ ಅದರಿಂದಲೇ ಗುಣಿಸಿ ನೋಡಿ, 1.064 ಬರುತ್ತದೆ. ಶೇ 6.4 ಹೆಚ್ಚು ಕೆಲಸ. ಮೋಟಾರು ಉಳಿಸಿಕೊಟ್ಟದ್ದು ಶೇ 4ರ ಒಳಗೆ, ಬ್ಲೋವರು ತಿಂದದ್ದು ಅದಕ್ಕಿಂತ ಹೆಚ್ಚು.

ಬೆಲ್ಟ್ ಇದ್ದರೆ ಮೋಟಾರಿನ ಪುಲ್ಲಿಯನ್ನು ಶೇ 2ರಷ್ಟು ಸಣ್ಣದು ಮಾಡಿಸಿ, ಹಳೇ ವೇಗಕ್ಕೆ ಬರುತ್ತದೆ. ನೇರ ಕಪ್ಲಿಂಗ್ ಇದ್ದರೆ ಪಂಪಿನ ಇಂಪೆಲ್ಲರನ್ನು ಲೇತಿನಲ್ಲಿ ಸ್ವಲ್ಪ ತೆಗೆಸಬೇಕಾಗಬಹುದು. ಟ್ಯಾಂಕು ತುಂಬುವ ಪಂಪಾದರೆ ಚಿಂತೆ ಕಮ್ಮಿ. ಬೇಗ ತುಂಬಿಸಿ ಬೇಗ ನಿಲ್ಲುತ್ತದೆ.

ಇನ್ನೊಂದು ವಿಷಯ. ಐಇ3 ಮೋಟಾರು ಸ್ಟಾರ್ಟ್ ಆಗುವಾಗ ಹಳೇದಕ್ಕಿಂತ ಜಾಸ್ತಿ ಕರೆಂಟ್ ಎಳೆಯಬಹುದು. ಹಳೇ ಬ್ರೇಕರು ಟ್ರಿಪ್ ಆದರೆ ಮೋಟಾರು ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. ಬ್ರೇಕರಿನ ಸೆಟ್ಟಿಂಗ್ ನೋಡಿಸಿ.

ಸುಟ್ಟ ಮೋಟಾರನ್ನು ರಿವೈಂಡ್ ಮಾಡಿಸಿದರೆ ದಕ್ಷತೆ ಇಳಿಯುತ್ತದಾ?

ಹೇಗೆ ಮಾಡಿದರು ಅನ್ನುವುದರ ಮೇಲಿದೆ. ಚೆನ್ನಾಗಿ ಮಾಡಿದರೆ ದಕ್ಷತೆ ಹಳೆಯದರ ಹತ್ತಿರವೇ ಉಳಿಯುತ್ತದೆ. ಕೆಟ್ಟದಾಗಿ ಮಾಡಿದರೆ ಪ್ರತಿ ಸಲವೂ ಶೇ 1, ಶೇ 2 ಹೋಗುತ್ತದೆ. ಆಮೇಲೆ ಅದು ಬಾರದು.

ನಾನು ಕಲಿತ ಅಂಗಡಿಯಲ್ಲಿ ಹಳೇ ವಾರ್ನಿಶ್ ಬಿಡಿಸಲು ಸ್ಟೇಟರನ್ನು ಹಿತ್ತಲಿಗೆ ಒಯ್ದು ತೆಂಗಿನ ಸಿಪ್ಪೆ, ಟಯರು ಹಾಕಿ ಬೆಂಕಿ ಕೊಡುತ್ತಿದ್ದರು. ಕಾಯಿಲ್ ಸಲೀಸಾಗಿ ಹೊರಗೆ ಬರುತ್ತಿತ್ತು, ನಮಗೆ ಖುಷಿ. ಸ್ಟಾಂಪಿಂಗಿನ ಒಂದೊಂದು ತಗಡಿನ ನಡುವೆ ತೆಳ್ಳಗಿನ ಇನ್ಸುಲೇಶನ್ ಪದರ ಇದೆ, ಅದೂ ಆ ಬೆಂಕಿಯಲ್ಲಿ ಸುಡುತ್ತದೆ ಅಂತ ಆಗ ನಮಗೆ ಯಾರೂ ಹೇಳಿರಲಿಲ್ಲ. ಪದರ ಹೋದರೆ ತಗಡುಗಳು ಒಂದಕ್ಕೊಂದು ತಾಗಿ ಒಳಗೇ ಸುಳಿಕರೆಂಟು ಹರಿಯುತ್ತದೆ. ಕಬ್ಬಿಣದ ನಷ್ಟ ಏರುತ್ತದೆ. ಮೋಟಾರು ಲೋಡಿಲ್ಲದೆ ಓಡಿದರೂ ಬಿಸಿ. ಅದರಿಂದ ಎಷ್ಟು ಮೋಟಾರು ಹಾಳು ಮಾಡಿದ್ದೇವೋ ದೇವರಿಗೇ ಗೊತ್ತು. ಈಗ ಒಳ್ಳೆಯ ಅಂಗಡಿಗಳಲ್ಲಿ ಉಷ್ಣತೆ ಹಿಡಿತದಲ್ಲಿರುವ ಓವನ್ ಇರುತ್ತದೆ.

ಇನ್ನೊಂದು ಕಳ್ಳತನ ತಂತಿಯಲ್ಲಿ. ಮೊದಲಿದ್ದ ಗೇಜ್ ಸಿಗಲಿಲ್ಲ ಅಂತ ಒಂದು ಗೇಜ್ ಸಣ್ಣ ತಂತಿ ಸುತ್ತುವುದು. ತಂತಿ ತೆಳುವಾದರೆ ಪ್ರತಿರೋಧ ಜಾಸ್ತಿ, ಬಿಸಿ ಜಾಸ್ತಿ.

ನೀವು ಮಾಡಬೇಕಾದದ್ದು ಇಷ್ಟು. ಮೋಟಾರು ಹೊಸದಿರುವಾಗಲೇ ಲೋಡು ಬಿಚ್ಚಿ, ಖಾಲಿ ಓಡಿಸಿ, ಮೂರೂ ಫೇಸಿನ ಆಂಪಿಯರ್ ಬರೆದಿಡಿ. ರಿವೈಂಡ್ ಆಗಿ ಬಂದ ಮೇಲೆ ಅದೇ ರೀತಿ ಅಳೆಯಿರಿ. ಖಾಲಿ ಕರೆಂಟು ಎದ್ದು ಕಾಣುವಷ್ಟು ಏರಿದ್ದರೆ ಪ್ರಶ್ನೆ ಕೇಳಿ. ಎರಡು, ಮೂರು ಸಲ ಸುಟ್ಟ, ದಿನಕ್ಕೆ 16 ತಾಸು ಓಡುವ ಐಇ1 ಮೋಟಾರನ್ನು ನಾಲ್ಕನೇ ಸಲ ರಿವೈಂಡ್ ಮಾಡಿಸುವುದು ಮಾತ್ರ ನನ್ನ ಪ್ರಕಾರ ದುಡ್ಡು ಹಾಳು.

ಇರಲಿ ಅಂತ ದೊಡ್ಡ ಎಚ್‌ಪಿ ಹಾಕಿದರೆ ಸೇಫ್ ಅಲ್ವಾ?

7.5 ಸಾಕಾಗುವಲ್ಲಿ 15 ಹಾಕುವ ಚಾಳಿ ನಮ್ಮಲ್ಲಿ ಜಾಸ್ತಿ. ಮೋಟಾರು ಸಾಮಾನ್ಯವಾಗಿ ಮುಕ್ಕಾಲು ಲೋಡಿನ ಆಸುಪಾಸಿನಲ್ಲಿ ಅತಿ ಚೆನ್ನಾಗಿ ಕೆಲಸ ಮಾಡುತ್ತದೆ. ಅರ್ಧದವರೆಗೂ ಪರವಾಗಿಲ್ಲ. ಶೇ 40ಕ್ಕಿಂತ ಕೆಳಗೆ ಹೋದರೆ ದಕ್ಷತೆ ಜಾರುತ್ತದೆ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಅದಕ್ಕಿಂತ ಮೊದಲೇ ಬಿದ್ದಿರುತ್ತದೆ.

ಯಾವಾಗಲೂ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಲೋಡಿನಲ್ಲೇ ಓಡುವ ಡೆಲ್ಟಾ ಮೋಟಾರಿದ್ದರೆ ಅದನ್ನು ಕಾಯಂ ಸ್ಟಾರಿನಲ್ಲಿ ಓಡಿಸುವ ಉಪಾಯ ಇದೆ. ಡೆಲ್ಟಾ, ಸ್ಟಾರ್ ಅಂದರೆ ಮೋಟಾರಿನ ಮೂರು ಸುರುಳಿಗಳನ್ನು ಜೋಡಿಸುವ ಎರಡು ರೀತಿ. ಪ್ರತಿ ಸುರುಳಿಗೆ ಸಿಗುವ ವೋಲ್ಟೇಜು ಶೇ 58ಕ್ಕೆ ಇಳಿಯುತ್ತದೆ, ಕಬ್ಬಿಣದ ನಷ್ಟ ಇಳಿಯುತ್ತದೆ. ಆದರೆ ಎಳೆಯುವ ಬಲ ಮೂರನೇ ಒಂದು ಭಾಗ ಆಗುತ್ತದೆ. ಲೋಡು ಏರಿಳಿಯುವ ಸಾಮಿಲ್ಲಿಗೆ ಇದನ್ನು ಮಾಡಿದರೆ ದಿಮ್ಮಿಯ ನಡುವೆ ಗರಗಸ ನಿಂತು ಮೋಟಾರು ಸುಡುತ್ತದೆ.

ಲೋಡು ಎಷ್ಟಿದೆ ಅಂತ ಗೊತ್ತಾಗುವುದು ಹೇಗೆ? ಆಂಪಿಯರ್ ಅಳೆಯುವ ಟಾಂಗ್ ಟೆಸ್ಟರ್ ಸಾಕಾ?

ಸಾಕಾಗುವುದಿಲ್ಲ. ಆಂಪಿಯರ್ ಅರ್ಧಕ್ಕೆ ಇಳಿದಿದ್ದರೆ ಲೋಡೂ ಅರ್ಧ ಅಂತ ಅರ್ಥ ಅಲ್ಲ. ಖಾಲಿ ಓಡುವಾಗಲೂ ಕಾಂತ ಹುಟ್ಟಿಸಲಿಕ್ಕೆ ಮೋಟಾರು ಪೂರ್ತಿ ಲೋಡಿನ ಮೂರನೇ ಒಂದು ಭಾಗದಷ್ಟು ಆಂಪಿಯರ್ ಎಳೆದೀತು.

ಖರ್ಚಿಲ್ಲದ ದಾರಿ ನಿಮ್ಮ ಮೀಟರೇ. ಉಳಿದದ್ದೆಲ್ಲ ಬಂದ್ ಮಾಡಿ ಆ ಒಂದು ಮೋಟಾರು ಮಾತ್ರ ಓಡಿಸಿ. ಮೀಟರಿನ ಮೇಲೆ ಮಿಂಚುವ ಸಣ್ಣ ಕೆಂಪು ದೀಪ ಇರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿಂಚು ಅಂತ ಪಕ್ಕದಲ್ಲೇ ಬರೆದಿರುತ್ತದೆ. 800 ಅಂತ ಇದ್ದು, 10 ಮಿಂಚು 9 ಸೆಕೆಂಡಿನಲ್ಲಿ ಬಂತು ಅಂದುಕೊಳ್ಳಿ. 3600ನ್ನು 10ರಿಂದ ಗುಣಿಸಿ, 800 ಮತ್ತು 9ರ ಗುಣಲಬ್ಧದಿಂದ ಭಾಗಿಸಿ. 5 ಕಿಲೋವ್ಯಾಟ್. ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಹಾಕಿದ ಮೀಟರಾದರೆ ಬಿಲ್ಲಿನಲ್ಲಿರುವ ಗುಣಕದಿಂದ ಇನ್ನೊಮ್ಮೆ ಗುಣಿಸಬೇಕು, ಇದನ್ನು ಮರೆತು ಗಾಬರಿಯಾದವರು ಇದ್ದಾರೆ.

ವೇಗ ಅಳೆಯುವ ಟ್ಯಾಕೋಮೀಟರ್ ಇದ್ದರೆ ಸ್ಲಿಪ್‌ನಿಂದಲೂ ಅಂದಾಜು ಮಾಡಬಹುದು. ಪೂರ್ತಿ ಲೋಡಿನಲ್ಲಿ 1440 ತಿರುಗಬೇಕಾದದ್ದು 1470 ತಿರುಗುತ್ತಿದ್ದರೆ, 60 ಸುತ್ತು ಹಿಂದೆ ಬೀಳಬೇಕಾದಲ್ಲಿ 30 ಬಿದ್ದಿದೆ. ಲೋಡು ಹೆಚ್ಚುಕಮ್ಮಿ ಅರ್ಧ.

ನಮ್ಮ ಲೈನು ಫೀಡರಿನ ಕೊನೆಯಲ್ಲಿದೆ. ವೋಲ್ಟೇಜು ಏರಿಳಿದರೆ ಏನಾಗುತ್ತದೆ?

ಕಾಳಿ ನದಿಯ ಜಲವಿದ್ಯುತ್, ಶರಾವತಿಯ ಗೇರುಸೊಪ್ಪೆ ಘಟಕ, ಕೈಗಾ ಅಣುಸ್ಥಾವರ ಎಲ್ಲ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ. ಆದರೂ ಲೈನಿನ ಕೊನೆಯಲ್ಲಿ ಕೂತವನಿಗೆ ಸಂಜೆ ಆರರ ಮೇಲೆ ವೋಲ್ಟೇಜು ಸಿಗುವುದಿಲ್ಲ. ವೋಲ್ಟೇಜು ಇಳಿದರೆ ಅದೇ ಕೆಲಸಕ್ಕೆ ಆಂಪಿಯರ್ ಜಾಸ್ತಿ ಬೇಕು, ತಾಮ್ರ ಬಿಸಿಯಾಗುತ್ತದೆ. ತೀರಾ ಏರಿದರೆ ಕಬ್ಬಿಣ ಬಿಸಿ.

ಇದಕ್ಕಿಂತ ಕೆಟ್ಟದ್ದು ಮೂರು ಫೇಸು ಒಂದೇ ಸಮ ಇಲ್ಲದಿರುವುದು. ಫೇಸುಗಳ ನಡುವೆ 400, 410, 390 ವೋಲ್ಟ್ ಇದೆ ಅಂದುಕೊಳ್ಳಿ. ಸರಾಸರಿ 400, ಅತಿ ದೊಡ್ಡ ವ್ಯತ್ಯಾಸ 10. ಅಂದರೆ ಅಸಮತೋಲ ಶೇ 2.5. ಬಿಸಿ ಎಷ್ಟು ಏರುತ್ತದೆ ಅನ್ನಲು ಕೈಲೆಕ್ಕ ಒಂದಿದೆ. ಆ ಶೇಕಡಾವನ್ನು ಅದರಿಂದಲೇ ಗುಣಿಸಿ ಎರಡು ಪಟ್ಟು ಮಾಡಿ. 2.5ಕ್ಕೆ 12.5 ಬಂತು. ಉಷ್ಣತೆಯ ಏರಿಕೆ ಶೇ 12.5 ಜಾಸ್ತಿ. ಸುರುಳಿ 10 ಡಿಗ್ರಿ ಜಾಸ್ತಿ ಬಿಸಿಯಾದರೆ ಇನ್ಸುಲೇಶನ್ ಆಯುಷ್ಯ ಅರ್ಧ ಅಂತ ನಮ್ಮ ಕಸುಬಿನಲ್ಲಿ ಹಳೇ ಮಾತು. ಅಸಮತೋಲ ಶೇ 5 ದಾಟಿದರೆ ಮೋಟಾರು ಓಡಿಸಲೇಬೇಡಿ.

ಎಲ್ಲದಕ್ಕೂ ಕರೆಂಟ್ ಕಂಪನಿ ಹೆಸ್ಕಾಂನವರನ್ನು ಬೈಯುವ ಮೊದಲು ನಿಮ್ಮ ಪ್ಯಾನಲ್ ಬಾಗಿಲು ತೆಗೆಯಿರಿ. ಸಮುದ್ರದ ಹತ್ತಿರದ ಪ್ಯಾನಲ್ಲುಗಳಲ್ಲಿ ನಾನು ಕಂಡದ್ದರಲ್ಲಿ ಅರ್ಧಕ್ಕರ್ಧ ಒಳಗಿನ ತಪ್ಪೇ. ಹಸಿರು ಹಿಡಿದ ಲಗ್ಗು (ತಂತಿಯ ತುದಿಯ ಜೋಡಣೆ), ಸಡಿಲ ನಟ್ಟು, ಒಂದು ಫೇಸಿನ ಫ್ಯೂಸ್ ಹೋದ ಕೆಪಾಸಿಟರು, ಎಲ್ಲ ಲೈಟು ಫ್ಯಾನುಗಳನ್ನು ಒಂದೇ ಫೇಸಿಗೆ ಜೋಡಿಸಿದ ವೈರಿಂಗು.

ಮಳೆಗಾಲದ ಎರಡು ತಿಂಗಳು ಪ್ಲಾಂಟು ಬಂದ್. ಮೋಟಾರನ್ನು ಹೇಗೆ ಇಡಬೇಕು?

ಈ ಪ್ರಶ್ನೆ ಘಟ್ಟದ ಮೇಲಿನವರು ಕೇಳುವುದಿಲ್ಲ, ನಮ್ಮ ಬಂದರಿನವರೇ ಕೇಳುವುದು. ತದಡಿಯಿರಲಿ, ಬೈತಖೋಲವಿರಲಿ, ಪ್ಲಾಂಟು ನಿಲ್ಲುವುದೂ ಜೂನ್, ಜುಲೈ, ಅತಿ ಹೆಚ್ಚು ತೇವ ಇರುವುದೂ ಜೂನ್, ಜುಲೈ. ಓಡುವ ಮೋಟಾರು ತನ್ನ ಬಿಸಿಯಿಂದಲೇ ಒಣಗಿರುತ್ತದೆ. ನಿಂತ ಮೋಟಾರು ರಾತ್ರಿ ತಣ್ಣಗಾಗುವಾಗ ಒದ್ದೆ ಗಾಳಿ ಒಳಗೆಳೆದುಕೊಳ್ಳುತ್ತದೆ, ಹೀಗೆ 61 ದಿನ. ಆಗಸ್ಟ್ 1ರ ಬೆಳಿಗ್ಗೆ ಬೋಟಿನವರು ಐಸಿಗೆ ಸಾಲು ನಿಂತಾಗ ಸ್ವಿಚ್ ಒತ್ತುತ್ತಾರೆ, ಢಬ್ ಅನ್ನುತ್ತದೆ. ನನ್ನ ಫೋನು ವರ್ಷದಲ್ಲಿ ಅತಿ ಜಾಸ್ತಿ ಹೊಡೆದುಕೊಳ್ಳುವುದು ಆ ವಾರ.

ಮೊದಲನೆಯದು, ಪ್ಲಾಸ್ಟಿಕ್ ಹೊದಿಸಬೇಡಿ. ಎಲ್ಲರೂ ಮಾಡುವ ತಪ್ಪು ಇದು. ಮೇಲಿನ ಮಳೆ ತಡೆಯುತ್ತದೆ ನಿಜ, ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ಸೋರುವ ಮಾಡು ಇದ್ದರೆ ಮೇಲೆ ಒಂದಡಿ ಎತ್ತರದಲ್ಲಿ ತಗಡು ಕಟ್ಟಿ, ಸುತ್ತ ಗಾಳಿ ಆಡಲಿ. ಎರಡನೆಯದು, ಮೋಟಾರಿನ ಅಡಿಯಲ್ಲಿ ನೀರು ಬಸಿಯುವ ಸಣ್ಣ ತೂತಿನ ಬಿರಡೆ ಇರುತ್ತದೆ. ಬಣ್ಣ ಬಳಿಯುವಾಗ ಅದನ್ನೂ ಮುಚ್ಚಿರುತ್ತಾರೆ, ಬಿಡಿಸಿ. ದೊಡ್ಡ ಮೋಟಾರಿನಲ್ಲಿ ಹೀಟರ್ ಇದ್ದರೆ ಅದಕ್ಕೆ ಕರೆಂಟ್ ಕೊಟ್ಟಿಡಿ. ವಾರಕ್ಕೊಮ್ಮೆ ಕೈಯಲ್ಲಿ ಶಾಫ್ಟ್ ನಾಲ್ಕು ಸುತ್ತು ತಿರುಗಿಸಿ, ಇಲ್ಲದಿದ್ದರೆ ಬೇರಿಂಗಿನ ಗುಂಡುಗಳು ಒಂದೇ ಜಾಗದಲ್ಲಿ ಕೂತು ಗುರುತು ಬೀಳುತ್ತದೆ.

ಚಾಲೂ ಮಾಡುವ ಮೊದಲು ಇನ್ಸುಲೇಶನ್ ಅಳೆಯುವ 500 ವೋಲ್ಟ್ ಮೆಗ್ಗರ್ ಹಾಕಿ. ಸುರುಳಿಯಿಂದ ಮೈಗೆ 5 ಮೆಗಾಓಮ್‌ಗಿಂತ ಕಮ್ಮಿ ಬಂದರೆ ಸ್ವಿಚ್ ಮುಟ್ಟಬೇಡಿ. ಬಿಚ್ಚಿ, ಬಲ್ಬು ಅಥವಾ ಹೀಟರ್ ಇಟ್ಟು ನಿಧಾನಕ್ಕೆ ಒಣಗಿಸಿ, ಮತ್ತೆ ಅಳೆಯಿರಿ. ಜುಲೈ ಕೊನೆಯ ವಾರದಲ್ಲೇ ಮಾಡಿದರೆ ಒಣಗಿಸಲಿಕ್ಕೆ ಸಮಯ ಸಿಗುತ್ತದೆ.

ಹೊಸ ಮೋಟಾರು ಹಾಕಿಸುವುದಿದ್ದರೂ ಈ ಎರಡು ತಿಂಗಳೇ ಸರಿ. ಸೀಜನ್ನಿನಲ್ಲಿ ಸುಟ್ಟರೆ ಯಾವುದು ಸಿಕ್ಕಿತೋ ಅದೇ ಮೋಟಾರು, ಹೇಳಿದಷ್ಟೇ ರೇಟು.

ಮೋಟಾರಿಗೆ ಮಧ್ಯ ಮಧ್ಯ ರೆಸ್ಟ್ ಕೊಡಬೇಕಾ?

ನೇಮ್‌ಪ್ಲೇಟಿನಲ್ಲಿ ಎಸ್1 ಅಂತ ಇದ್ದರೆ ಅದು ನಿಲ್ಲದೆ ಓಡಲಿಕ್ಕೆ ಮಾಡಿದ್ದು. ಕೈಗಾದ ಒಂದನೇ ಘಟಕ 2018ರ ಕೊನೆಯವರೆಗೆ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿತ್ತು. ಅಲ್ಲಿ ರಿಯಾಕ್ಟರಿನ ಬಿಸಿ ಹೊರತರುವ ಭಾರಜಲ ದೂಡುವುದೂ ಮೋಟಾರಿನ ಪಂಪುಗಳೇ. ಮೋಟಾರಿಗೆ ಕಷ್ಟ ಓಡುವುದರಲ್ಲಿ ಅಲ್ಲ, ಸ್ಟಾರ್ಟ್ ಆಗುವುದರಲ್ಲಿ. ಡೈರೆಕ್ಟ್ ಸ್ಟಾರ್ಟರಿನಲ್ಲಿ ಆಗ ಆರೇಳು ಪಟ್ಟು ಕರೆಂಟ್ ಎಳೆಯುತ್ತದೆ. ತಾಸಿಗೆ ಹತ್ತು ಸಲ ನಿಲ್ಲಿಸಿ ಓಡಿಸಿದರೆ ರೆಸ್ಟ್ ಕೊಟ್ಟಂತಲ್ಲ. ಹಾಗಂತ ಕೆಲಸ ಇಲ್ಲದೆ ಅರ್ಧ ತಾಸು ಖಾಲಿ ಓಡಿಸುವುದೂ ಬೇಡ, ಬಂದ್ ಮಾಡಿ.

ವಿಎಫ್‌ಡಿ ಹಾಕಿದರೆ ಕರೆಂಟ್ ಅರ್ಧ ಅಂತ ಸೇಲ್ಸ್‌ನವರು ಹೇಳಿದರು. ನಿಜವಾ?

ಕೆಲವು ಕಡೆ ನಿಜ. ಎಲ್ಲ ಕಡೆ ಅಂದರೆ ಸುಳ್ಳು.

ವಿಎಫ್‌ಡಿ ಅಂದರೆ ಕರೆಂಟಿನ ಹರ್ಟ್ಜ್ ಬದಲಿಸಿ ಮೋಟಾರಿನ ವೇಗ ಇಳಿಸುವ ಪೆಟ್ಟಿಗೆ. ಫ್ಯಾನು, ಪಂಪಿನಲ್ಲಿ ಘನದ ಲೆಕ್ಕ ಅಂತ ಮೇಲೆ ಹೇಳಿದೆನಲ್ಲ, ಅದೇ ಇಲ್ಲಿ ಉಪಕಾರಕ್ಕೆ ಬರುತ್ತದೆ. ವೇಗ ಶೇ 80ಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ಶೇ 51. ಪಂಪನ್ನು ಪೂರ್ತಿ ಓಡಿಸಿ ವಾಲ್ವ್ ಅರ್ಧ ಮುಚ್ಚಿಡುವ ಫ್ಯಾಕ್ಟರಿಗಳನ್ನು ನೋಡಿದ್ದೇನೆ. ಒಲೆಗೆ ತುಂಬ ಕಟ್ಟಿಗೆ ತುರುಕಿ, ಅನ್ನ ಸೀಯಬಾರದು ಅಂತ ಪಾತ್ರೆ ಎತ್ತಿ ಹಿಡಿದು ನಿಂತ ಹಾಗೆ. ಅಂಥ ಕಡೆ ವಿಎಫ್‌ಡಿ ಬೇಗ ದುಡ್ಡು ವಾಪಸ್ ಕೊಡುತ್ತದೆ. ಕೂಲಿಂಗ್ ಟವರಿನ ಫ್ಯಾನು, ಡ್ರೈಯರಿನ ಬ್ಲೋವರು ಒಳ್ಳೆಯ ಜಾಗ.

ಆದರೆ ಹೊಳೆಯಿಂದ ಗುಡ್ಡದ ತುದಿಯ ಟ್ಯಾಂಕಿಗೆ ನೀರೆತ್ತುವ ಪಂಪಿಗೆ ಈ ಘನದ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಶಕ್ತಿ ಹೋಗುವುದು ಹೆಚ್ಚಾಗಿ ನೀರಿನ ಭಾರ ಎತ್ತಲಿಕ್ಕೆ. ನಿಧಾನ ಎತ್ತಿದರೂ ಅಷ್ಟೇ ಎತ್ತರ ಎತ್ತಬೇಕು. ವೇಗ ಒಂದು ಮಟ್ಟಕ್ಕಿಂತ ಇಳಿದರೆ ನೀರು ಮೇಲೆ ಹತ್ತುವುದೇ ಇಲ್ಲ, ಪಂಪು ಒಳಗೆ ಸುಮ್ನೆ ಕಲಕುತ್ತಾ ಬಿಸಿಯಾಗುತ್ತದೆ. ಘಟ್ಟದ ಬುಡದ ತೋಟಗಳಲ್ಲಿ ಇದು ಗೊತ್ತಿಲ್ಲದೆ ದುಡ್ಡು ಹಾಕಿದವರಿದ್ದಾರೆ.

ಇಡೀ ದಿನ ಒಂದೇ ವೇಗದಲ್ಲಿ, ಪೂರ್ತಿ ಲೋಡಿನಲ್ಲಿ ಓಡುವ ಮೋಟಾರಿಗೂ ಬೇಡ. ವಿಎಫ್‌ಡಿ ತಾನೇ ಶೇ 2ರಿಂದ 4 ತಿನ್ನುತ್ತದೆ. ತೀರಾ ನಿಧಾನ ಓಡಿಸಿದರೆ ಮೋಟಾರಿನ ಹಿಂದಿನ ಫ್ಯಾನೂ ನಿಧಾನ ತಿರುಗಿ ಮೈ ತಣಿಯುವುದಿಲ್ಲ. ನಮ್ಮ ಕಡೆ ಇನ್ನೊಂದು ತಲೆನೋವು ಉಪ್ಪುಗಾಳಿ. ವಿಎಫ್‌ಡಿಯನ್ನು ಬಾಗಿಲು ಸರಿಯಾಗಿ ಮುಚ್ಚುವ ಪ್ಯಾನಲ್ಲಿನಲ್ಲಿ, ಒಣ ಕೋಣೆಯಲ್ಲಿ ಇಡಿ. ಬ್ರೈನ್ ಟ್ಯಾಂಕಿನ (ಐಸ್ ಗಟ್ಟಿಯಾಗಿಸುವ ತಣ್ಣನೆ ಉಪ್ಪುನೀರಿನ ತೊಟ್ಟಿಯ) ಪಕ್ಕದ ಗೋಡೆಗೆ ಹೊಡೆದರೆ ಅದರ ಬೋರ್ಡು ಎರಡನೇ ಮಳೆಗಾಲ ನೋಡಲಿಕ್ಕಿಲ್ಲ.

ಕೆಪಾಸಿಟರ್ ಹಾಕಿದರೆ ಯೂನಿಟ್ ಉಳಿಯುತ್ತದಾ?

ಮೋಟಾರು ತಿನ್ನುವ ಯೂನಿಟ್ ಒಂದೂ ಕಮ್ಮಿಯಾಗುವುದಿಲ್ಲ. ಕಮ್ಮಿಯಾಗುವುದು ಮೀಟರಿನಿಂದ ಕೆಪಾಸಿಟರಿನವರೆಗಿನ ಕೇಬಲ್ಲಿನ ನಷ್ಟ ಮತ್ತು ಬಿಲ್ಲಿನಲ್ಲಿ ಬರುವ ಪವರ್ ಫ್ಯಾಕ್ಟರ್ ದಂಡ. ದಂಡ ಬರುತ್ತಿದ್ದರೆ ಖಂಡಿತ ಹಾಕಿ. ಮೋಟಾರಿನ ಜೊತೆಗೇ ಆನ್ ಆಫ್ ಆಗುವಂತಿರಲಿ. ವಿಎಫ್‌ಡಿ ಮತ್ತು ಮೋಟಾರಿನ ನಡುವೆ ಮಾತ್ರ ಎಂದೂ ಕೆಪಾಸಿಟರ್ ಹಾಕಬೇಡಿ, ವಿಎಫ್‌ಡಿ ಸುಡುತ್ತದೆ.

ಪ್ಲಗ್ಗಿಗೆ ಸಿಕ್ಕಿಸುವ ‘ಕರೆಂಟ್ ಉಳಿಸುವ ಡಬ್ಬಿ’?

ಒಂದನ್ನು ಬಿಚ್ಚಿ ನೋಡಿದ್ದೇನೆ. ಒಳಗೆ ಒಂದು ಸಣ್ಣ ಕೆಪಾಸಿಟರು, ಒಂದು ಹಸಿರು ದೀಪ. ದೀಪ ಚೆನ್ನಾಗಿತ್ತು.

ಸ್ಟಾರ್ ಡೆಲ್ಟಾ ಬದಲು ಸಾಫ್ಟ್ ಸ್ಟಾರ್ಟರ್ ಹಾಕಿದರೆ ಉಳಿತಾಯ ಇದೆಯಾ?

ಸಾಫ್ಟ್ ಸ್ಟಾರ್ಟರ್ ಮೋಟಾರನ್ನು ಮೆಲ್ಲಗೆ ಸ್ಟಾರ್ಟ್ ಮಾಡುತ್ತದೆ, ಬೆಲ್ಟು, ಕಪ್ಲಿಂಗಿಗೆ ಒಳ್ಳೆಯದು. ಓಡುವಾಗಿನ ಕರೆಂಟಿಗೆ ಸಂಬಂಧ ಇಲ್ಲ.

ಬೆಲ್ಟಿನಲ್ಲಿ ಎಷ್ಟು ಹೋಗುತ್ತದೆ?

ಹೊಸ ವಿ ಬೆಲ್ಟು ಸರಿಯಾಗಿ ಎಳೆದಿದ್ದರೆ ಶೇ 95ಕ್ಕಿಂತ ಮೇಲೆ ದಾಟಿಸುತ್ತದೆ. ಸಡಿಲಾಗಿ ಜಾರತೊಡಗಿದರೆ ನಾಲ್ಕೈದು ಅಂಕ ಅಲ್ಲೇ ಹೋಯಿತು. ಐಇ1ರಿಂದ ಐಇ3ಕ್ಕೆ ಹೋಗಿ ಗಳಿಸಿದ್ದನ್ನು ಒಂದು ಸಡಿಲ ಬೆಲ್ಟು ಕಳೆಯುತ್ತದೆ ಅಂತಾಯಿತು. ಪುಲ್ಲಿಯ ಕೆಳಗೆ ಕಪ್ಪು ಪುಡಿ ಬಿದ್ದಿದೆಯಾ ನೋಡಿ. ಮೂರು ಬೆಲ್ಟಿನ ಪುಲ್ಲಿಯಲ್ಲಿ ಒಂದನ್ನೇ ಹೊಸದು ಹಾಕಬೇಡಿ, ಮೂರನ್ನೂ ಒಟ್ಟಿಗೆ ಹಾಕಿ.

ಮೋಟಾರು ಬದಲಿಸಿದೆವು, ಐಸ್ ಪ್ಲಾಂಟಿನ ಬಿಲ್ಲು ಅಷ್ಟೇನೂ ಇಳಿಯಲಿಲ್ಲ. ಇನ್ನೇನು ಮಾಡಬೇಕು?

ಮೋಟಾರು ಹೇಳಿದಷ್ಟು ಕೆಲಸ ಮಾಡುವ ಆಳು. ಕೆಲಸವನ್ನೇ ಜಾಸ್ತಿ ಕೊಟ್ಟರೆ ಅದೇನು ಮಾಡೀತು? ಬ್ರೈನಿನ ಉಷ್ಣತೆ ನೋಡಿ. ಮೈನಸ್ 8ರಲ್ಲಿ ಗಟ್ಟಿಯಾಗುವ ಐಸಿಗೆ, ಇನ್ನೂ ಬೇಗ ಆಗಲಿ ಅಂತ ಮೈನಸ್ 12ಕ್ಕೆ ಇಳಿಸಿರುತ್ತಾರೆ. ಒಂದೊಂದು ಡಿಗ್ರಿ ಕೆಳಗೆ ಹೋದಂತೆ ಕಂಪ್ರೆಸರು ಅಂದಾಜು ಶೇ 3 ಜಾಸ್ತಿ ಎಳೆಯುತ್ತದೆ. ನಾಲ್ಕು ಡಿಗ್ರಿಗೆ ಶೇ 12. ಮೋಟಾರಿನ ದರ್ಜೆ ಬದಲಿಸಿ ಇಷ್ಟು ಗಳಿಸಲಿಕ್ಕೆ ಸಾಧ್ಯವೇ ಇಲ್ಲ.

ಆಮೇಲೆ ಅಮೋನಿಯಾವನ್ನು ತಣಿಸುವ ಕಂಡೆನ್ಸರು. ನಮ್ಮ ಬಾವಿ ನೀರಿನಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ, ಕೊಳವೆಯೊಳಗೆ ಬಿಳಿ ಪದರ ಕಟ್ಟುತ್ತದೆ. ಅಮೋನಿಯಾದ ಬಿಸಿ ಹೊರಗೆ ಹೋಗದೆ ಹೆಡ್ ಪ್ರೆಶರ್ (ಕಂಪ್ರೆಸರು ಎದುರಿಸಿ ದೂಡಬೇಕಾದ ಒತ್ತಡ) ಏರುತ್ತದೆ, ಮೋಟಾರಿನ ಆಂಪಿಯರ್ ಏರುತ್ತದೆ. ಮೇ ತಿಂಗಳಲ್ಲಿ ಸೆಕೆಗೆ ಬಿಲ್ಲು ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಒಂದು ಪಾಲು ಸೆಕೆಯದ್ದಲ್ಲ, ಕೊಳವೆಯೊಳಗಿನ ಕಿಟ್ಟದ್ದು. ಬ್ರೈನ್ ಟ್ಯಾಂಕಿನ ಮೇಲಿನ ಮರದ ಮುಚ್ಚಳ ನಾಲ್ಕು ಕಾಣೆಯಾಗಿರುತ್ತವೆ. ಅವನ್ನು ಹುಡುಗರು ಕೂರಲಿಕ್ಕೆ ಒಯ್ದಿರುತ್ತಾರೆ. ವಾಪಸ್ ಹಾಕಿಸಿ.

ಈ ವರ್ಷ ಹೊಸ ಮೋಟಾರಿಗೆ ದುಡ್ಡಿಲ್ಲ. ಎಲ್ಲಿಂದ ಶುರು ಮಾಡಲಿ?

ಒಂದು ನೋಟ್‌ಬುಕ್ ತನ್ನಿ. ಮೋಟಾರುಗಳ ಪಟ್ಟಿ ಬರೆದು, ಪ್ರತಿಯೊಂದರ ಎದುರು ಎಚ್‌ಪಿ ಮತ್ತು ವರ್ಷಕ್ಕೆ ಓಡುವ ಗಂಟೆ ಬರೆಯಿರಿ. ಎರಡನ್ನೂ ಗುಣಿಸಿ. ಹೆಚ್ಚಿನ ಕಡೆ ಇಪ್ಪತ್ತು ಮೋಟಾರಿದ್ದರೆ ಮೂರೋ ನಾಲ್ಕೋ ಸೇರಿ ಬಿಲ್ಲಿನ ಬಹುಪಾಲು ತಿನ್ನುತ್ತಿರುತ್ತವೆ. ಉಳಿದವುಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಆ ಮೂರಕ್ಕೆ ಫ್ಯಾನಿನ ಜಾಲರಿ ಸ್ವಚ್ಛ ಮಾಡಿ, ಬೆಲ್ಟು ಎಳೆಯಿರಿ, ಲಗ್ಗು ಬಿಗಿ ಮಾಡಿಸಿ. ಗ್ರೀಸ್ ಹಾಕುವಾಗ ಬೇರಿಂಗ್ ತುಂಬ ತುರುಕಬೇಡಿ, ಹೆಚ್ಚಾದ ಗ್ರೀಸೇ ಅದನ್ನು ಬಿಸಿ ಮಾಡುತ್ತದೆ. ಅವುಗಳಲ್ಲಿ ಯಾವುದಾದರೂ ಮುಂದೆ ಸುಟ್ಟರೆ ರಿವೈಂಡಿಂಗ್ ಬೇಡ, ಐಇ3 ತನ್ನಿ ಅಂತ ಈಗಲೇ ಪುಟದ ಮೇಲೆ ಬರೆದಿಡಿ. ಸುಟ್ಟ ದಿನ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ತೆಗೆದ ಹಳೇ ಮೋಟಾರನ್ನು ಏನು ಮಾಡುವುದು?

ಗುಜರಿಗೆ ಹಾಕಿದರೆ ತಾಮ್ರ, ಬೀಡುಕಬ್ಬಿಣದ ತೂಕಕ್ಕೆ ದುಡ್ಡು ಬರುತ್ತದೆ. ಒಂದನ್ನು ಸ್ಪೇರ್ ಅಂತ ಒಣ ಜಾಗದಲ್ಲಿ ಇಟ್ಟುಕೊಳ್ಳಬಹುದು. ಪಕ್ಕದ ಐಸ್ ಪ್ಲಾಂಟಿನವರು ಅಗ್ಗಕ್ಕೆ ಕೇಳಿದರೆ ಮಾತ್ರ ಕೊಡಬೇಡಿ, ಅಲ್ಲೂ ಅದು ದಿನಕ್ಕೆ 20 ತಾಸು ತಿನ್ನುತ್ತದೆ. ಘಟ್ಟದ ಮೇಲೆ ವರ್ಷಕ್ಕೆ ಎರಡು ತಿಂಗಳು ಮಷೀನ್ ಓಡಿಸುವ ನೆಂಟರಿದ್ದರೆ ಅವರಿಗೆ ಕೊಡಿ. ಬೇರಿಂಗ್ ಬದಲಿಸಿ ಕೊಡಿ.